ಚಕ್ರ ನೇತಾಡಿದಾಗ ಕಂಡದ್ದು

ಸಕಲೇಶಪುರದ ರಾತ್ರಿ ಬಸ್ಸಿನಲ್ಲಿ ನನ್ನ ಹೆಸರಿಗೆ ಒಂದು ಗೋಣಿಚೀಲ ಬಂತು. ಬೆಳಗಿನ ಜಾವ ಮೆಜೆಸ್ಟಿಕ್ಕಿನಲ್ಲಿ ಅದನ್ನು ಇಳಿಸಿಕೊಂಡು, ಹೊಸಕೋಟೆ ಬಸ್ಸು ಹಿಡಿದು, ಪಿಲ್ಲಗುಂಪೆ ಸೇರುವ ಹೊತ್ತಿಗೆ ಮೊದಲ ಪಾಳಿಯವರು ಗೇಟಿನೊಳಗೆ ಹೋಗಿ ಆಗಿತ್ತು. ಚೀಲದಲ್ಲಿ ಹಳೆ ಪೇಪರು ಸುತ್ತಿದ ಕಬ್ಬಿಣದ ತುಂಡಿತ್ತು. ಕಾಫಿ ತೋಟದ ಕೆಮ್ಮಣ್ಣು ಅದಕ್ಕೆ ಇನ್ನೂ ಮೆತ್ತಿಕೊಂಡಿತ್ತು. ಸೋದರಮಾವನ ಜೀಪಿನ ಹಿಂದಿನ ಎಡಗಡೆಯ ಶಾಕಲ್ ಬ್ರ್ಯಾಕೆಟ್ಟು ಅದು, ಸ್ಪ್ರಿಂಗಿನ ಹಿಂತುದಿಯನ್ನು ಚಾಸಿಗೆ ತೂಗುಹಾಕುವ ಭಾಗ. ಎರಡು ತುಂಡಾಗಿತ್ತು.

ಫೋನಿನಲ್ಲಿ ಮಾವ ಹೇಳಿದ್ದು ಇಷ್ಟೇ: “ಇದನ್ನ ಅಳತೆಗೆ ಇಟ್ಕೊಂಡು ಇನ್ನೂ ದಪ್ಪದ್ದು ಒಂದು ಮಾಡಿ ಕಳ್ಸು ಕಣೋ. ಕುಯ್ಲು ಶುರುವಾಗಿದೆ, ಜೀಪಿಲ್ಲದೆ ಮೂಟೆ ಕಣಕ್ಕೆ ಬರಲ್ಲ.”

ಆ ಜೀಪು 1989ರ ಮಹೀಂದ್ರ ಎಂಎಂ 540. ಪ್ಯೂಜೋ ವಿನ್ಯಾಸದ 2112 ಸಿಸಿ ಡೀಸೆಲ್ ಎಂಜಿನ್ನು. ಮಲೆನಾಡಿನ ತೋಟಗಳಲ್ಲಿ ಇಂಥ ಜೀಪನ್ನು ಗಾಡಿ ಅಂತ ಯಾರೂ ನೋಡುವುದಿಲ್ಲ, ಅದು ಮನೆಯ ಆಳು ಇದ್ದ ಹಾಗೆ. ಗೊಬ್ಬರ ಹೊರುತ್ತದೆ, ಕಾಫಿ ಮೂಟೆ ಹೊರುತ್ತದೆ, ಮಳೆಗಾಲದಲ್ಲಿ ಹೆರಿಗೆಗೆ ಆಸ್ಪತ್ರೆ ಮುಟ್ಟಿಸುತ್ತದೆ. ನಾನು ಚಿಕ್ಕವನಿದ್ದಾಗ ರಜೆಗೆ ಹೋದರೆ ಅದರ ಹಿಂದಿನ ಬೆಂಚಿನಲ್ಲೇ ನನ್ನ ಬೇಸಿಗೆ ಕಳೆಯುತ್ತಿತ್ತು. ಅದಕ್ಕೇ ಚೀಲ ಬಿಚ್ಚಿದಾಗ ನನಗೆ ಪರಿಚಯದವರ ಮೂಳೆ ಮುರಿದಂತೆ ಅನಿಸಿತು.

ನಾನಿರುವುದು ಪಿಲ್ಲಗುಂಪೆ ಕೈಗಾರಿಕಾ ಪ್ರದೇಶದ ಒಂದು ಟೂಲ್ ರೂಮಿನಲ್ಲಿ. ಹೊಸಕೋಟೆಯಿಂದ ಚಿಂತಾಮಣಿ ಕಡೆಗೆ ಹೋಗುವ ರಸ್ತೆಯಲ್ಲಿ ಕೆಐಎಡಿಬಿ ಮಾಡಿದ ಬಡಾವಣೆ ಇದು. ರಾಗಿ ಹೊಲ, ನೀಲಗಿರಿ ತೋಪುಗಳ ನಡುವೆ ಶೀಟಿನ ಮಾಡುಗಳು. ದೊಡ್ಡ ಕಾರ್ಖಾನೆಗಳ ನೆರಳಿನಲ್ಲಿ ಚಿಕ್ಕ ಚಿಕ್ಕ ಶೆಡ್ಡುಗಳು ಬದುಕುತ್ತವೆ. ಒಬ್ಬರ ಹತ್ತಿರ ಲೇತು, ಇನ್ನೊಬ್ಬರ ಹತ್ತಿರ ಶೀಟು ಮಡಚುವ ಪ್ರೆಸ್ಸು, ಮತ್ತೊಬ್ಬರ ಹತ್ತಿರ ಲೇಸರ್ ಕಟಿಂಗ್. ಒಂದು ಬ್ರ್ಯಾಕೆಟ್ಟು ಹುಟ್ಟಬೇಕಾದರೆ ಬೇಕಾದ್ದೆಲ್ಲ ಸೈಕಲ್ಲಿನಲ್ಲಿ ಸುತ್ತಿದರೆ ಸಿಗುತ್ತದೆ. ಹಾಗಾಗಿ ಮಾವನ ಕೆಲಸ ಸಂಜೆಯೊಳಗೆ ಮುಗಿಯುವ ಕೆಲಸ ಎಂದುಕೊಂಡೆ. ಅದಕ್ಕೆ ಏಳು ತಿಂಗಳು ಹಿಡಿಯಿತು.

ಮುರಿದ ಮುಖವನ್ನು ಟೂಲ್ ರೂಮಿನ ದೀಪದ ಕೆಳಗೆ ಹಿಡಿದು ನೋಡಿದೆ. ಮುಕ್ಕಾಲು ಭಾಗ ಕಂದು ಬಣ್ಣಕ್ಕೆ ತಿರುಗಿತ್ತು. ಅದರ ಮೇಲೆ ನಯವಾದ, ಬಾಗಿದ ಗೆರೆಗಳು. ಬೇಸಿಗೆಯಲ್ಲಿ ಕೆರೆ ನೀರು ದಿನಕ್ಕಿಷ್ಟು ಇಳಿಯುತ್ತಾ ಅಂಗಳದಲ್ಲಿ ಗೆರೆ ಬಿಟ್ಟುಹೋಗುತ್ತದಲ್ಲ, ಹಾಗೆ. ಗೆರೆಗಳೆಲ್ಲ ಹಿಂಬದಿಯ ಒಂದು ಮೂಲೆಯ ಸುತ್ತ ಹುಟ್ಟಿ ಅಗಲವಾಗುತ್ತಾ ಹೋಗಿದ್ದವು. ಉಳಿದ ಕಾಲು ಭಾಗ ಹೊಚ್ಚ ಹೊಸದಾಗಿ, ಕಲ್ಲುಸಕ್ಕರೆ ಒಡೆದಂತೆ ಹರಳು ಹರಳಾಗಿ ಮಿನುಗುತ್ತಿತ್ತು. ಅಂದರೆ ಇದು ಒಂದೇ ಏಟಿಗೆ ಮುರಿದದ್ದಲ್ಲ. ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟು, ದಿನಾ ಒಂದಿಷ್ಟು ಮುಂದೆ ಸರಿದು, ಕೊನೆಗೆ ಉಳಿದ ಕಾಲು ಭಾಗಕ್ಕೆ ಭಾರ ತಡೆಯಲಾಗದೆ ಕಳಚಿಕೊಂಡದ್ದು.

ಲೋಹ ಹೀಗೆ ದಣಿದು ಸಾಯುತ್ತದೆ ಎಂದು ಜನ ತಿಳಿದುಕೊಂಡದ್ದು ದೊಡ್ಡ ಬೆಲೆ ತೆತ್ತು. 1842ರ ಮೇ 8ರಂದು ವರ್ಸೈನಿಂದ ಪ್ಯಾರಿಸ್ಸಿಗೆ ಹೊರಟಿದ್ದ ರೈಲಿನ ಎಂಜಿನ್ನಿನ ಅಚ್ಚು ಮುರಿದು, ಬೋಗಿಗಳಿಗೆ ಬೆಂಕಿ ಹತ್ತಿ ಐವತ್ತಕ್ಕೂ ಹೆಚ್ಚು ಜನ ಸತ್ತರು. ಮರುವರ್ಷವೇ ಸ್ಕಾಟ್‌ಲೆಂಡಿನ ರ‍್ಯಾಂಕಿನ್ ಎಂಬ ಎಂಜಿನಿಯರು, ಅಚ್ಚು ದಪ್ಪದಿಂದ ಸಣ್ಣಕ್ಕೆ ತಿರುಗುವ ಚೂಪು ಮೂಲೆಯಲ್ಲೇ ಬಿರುಕು ಹುಟ್ಟುತ್ತದೆ, ಅಲ್ಲಿ ಮೂಲೆಯನ್ನು ದುಂಡಗೆ ಬಿಡಬೇಕು ಎಂದು ಬರೆದ. ಆಮೇಲೆ ಜರ್ಮನಿಯ ವೋಲರ್ ವರ್ಷಗಟ್ಟಲೆ ಅಚ್ಚುಗಳನ್ನು ತಿರುಗಿಸಿ ತಿರುಗಿಸಿ ಮುರಿದು, ಎಷ್ಟು ಬಲಕ್ಕೆ ಎಷ್ಟು ಸುತ್ತು ಬಾಳುತ್ತದೆ ಎಂದು ಅಳೆದ. ಡೈ ಮಾಡುವ ನಮ್ಮಂಥವರಿಗೆ ಇದು ದಿನದ ಅನ್ನ. ಚೂಪು ಮೂಲೆ ಕಂಡರೆ ಕೈ ತಾನೇ ಅರದ ಕಡೆಗೆ ಹೋಗುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ನಾನು ಮಾಡಿದ್ದೇನು? ಮಾವ ಹೇಳಿದಂತೆ ದಪ್ಪ ಮಾಡಿದೆ. ಬಿರುಕು ಎಲ್ಲಿ ಹುಟ್ಟಿತು ಎಂದು ನೋಡಿದೆನೇ ಹೊರತು, ಅದನ್ನು ದಿನಾ ಎಳೆಯುತ್ತಿದ್ದದ್ದು ಯಾವುದು ಎಂದು ಕೇಳಲಿಲ್ಲ. ಹಿಂದಿನ ಬೀದಿಯ ಫ್ಯಾಬ್ರಿಕೇಷನ್ ಶೆಡ್ಡಿನ ಯಜಮಾನರಿಗೆ ತೋರಿಸಿದೆ. ಹೊಸಕೋಟೆ ಕಡೆಯವರು, ಟಿಪ್ಪರುಗಳ ಬಾಡಿ ಕಟ್ಟಿ ಕಟ್ಟಿ ಕೈ ಪಳಗಿದವರು. ನಾನು ಅಣ್ಣ ಅನ್ನುತ್ತೇನೆ.

“ಇದು ಮುರ್ದಿರೋದಲ್ಲ ಸಾರ್, ಹರ್ದಿರೋದು. ಯಾವ್ದೋ ಮೀಟಿ ಮೀಟಿ ಕಿತ್ತೈತೆ,” ಅಂದರು.

ಅವರು ಅವತ್ತೇ ಸತ್ಯ ಹೇಳಿಬಿಟ್ಟಿದ್ದರು. ನಮ್ಮಿಬ್ಬರಿಗೂ ಗೊತ್ತಾಗಲಿಲ್ಲ. ಕಂಪನಿ ಬ್ರ್ಯಾಕೆಟ್ಟಿಗಿಂತ ದಪ್ಪವಾದ 8 ಮಿ.ಮೀ. ಪ್ಲೇಟಿನಲ್ಲಿ ಕತ್ತರಿಸಿ, ಮೂಲೆ ದುಂಡಗೆ ಮಾಡಿ, ಬೋಲ್ಟ್ ಹಾಕುವಂತೆ ತೂತು ಕೊರೆದು, ಅದೇ ಗೋಣಿಚೀಲದಲ್ಲಿ ಬಸ್ಸಿಗೆ ಹಾಕಿದೆವು. ಹತ್ತು ವಾರಕ್ಕೆ ಚೀಲ ವಾಪಸ್ಸು ಬಂತು. ಈ ಸಲ ಬ್ರ್ಯಾಕೆಟ್ಟು ಹರಿದಿರಲಿಲ್ಲ, ಬೋಲ್ಟಿನ ತೂತುಗಳು ಮೊಟ್ಟೆಯಾಕಾರಕ್ಕೆ ಎಳೆದುಕೊಂಡು ಹಿಂಬದಿಯ ಬೋಲ್ಟು ತುಂಡಾಗಿತ್ತು. ಮೂರನೆಯದನ್ನು 10 ಮಿ.ಮೀ.ನಲ್ಲಿ ಮಾಡಿದೆವು. ಅದನ್ನು ಅಲ್ಲಿನ ವೆಲ್ಡರು ಚಾಸಿಗೇ ಸುತ್ತಲೂ ಬೆಸುಗೆ ಹಾಕಿ ಕೂರಿಸಿದರು. ಎರಡು ತಿಂಗಳಾದ ಮೇಲೆ ಚೀಲ ಬರಲಿಲ್ಲ, ಫೋನ್ ಬಂತು. ಬ್ರ್ಯಾಕೆಟ್ಟು ಗಟ್ಟಿಯಾಗೇ ಇದೆ, ಚಾಸಿಯೇ ಬಿರುಕು ಬಿಟ್ಟಿದೆ ಎಂದರು ಮಾವ. ಅವರ ದನಿಯಲ್ಲಿ ಬೈಗುಳ ಇರಲಿಲ್ಲ. ಅದೇ ನನಗೆ ಹೆಚ್ಚು ನೋವಾಯಿತು.

ಚಾಸಿ ಬಿಟ್ಟ ಮೇಲೆ ಚೀಲದಲ್ಲಿ ಕಳಿಸುವ ಮಾತಿಲ್ಲ. ಜೀಪೇ ಲಾರಿ ಹತ್ತಿ ಪಿಲ್ಲಗುಂಪೆಗೆ ಬಂತು.

ಲಾರಿಯಲ್ಲಿ ತಂದದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಮಾವ ಅದಕ್ಕೆ ಎರಡು ಇಂಚು ಎತ್ತರದ ಹೊಸ ಪ್ಲೇಟ್ ಸೆಟ್ಟು, ಅಂದರೆ ಬಾಗಿದ ಉಕ್ಕಿನ ಪಟ್ಟಿಗಳ ಸ್ಪ್ರಿಂಗು, ಹಾಕಿಸಿದ್ದರು, ಅದು ತೋಟದ ಬೇಲಿಯೊಳಗೇ ಓಡುವ ಗಾಡಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಬದಲಾವಣೆ ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದ ಒಂದು ಮೊಕದ್ದಮೆಯಲ್ಲಿ ಇದನ್ನು ಇನ್ನಷ್ಟು ಬಿಗಿಯಾಗಿ ಹೇಳಿದೆ. ಹಳೆ ಜೀಪು ಎತ್ತರಿಸಿ ರಸ್ತೆಗಿಳಿಸುವ ಆಸೆ ಇರುವ ಹುಡುಗರು ವೆಲ್ಡಿಂಗ್ ಶೆಡ್ಡಿಗೆ ಬರುವ ಮೊದಲು ಆರ್‌ಟಿಒ ಬಾಗಿಲು ತಟ್ಟಬೇಕು. ಇದನ್ನು ನಾನು ಬೇಡಿಕೊಂಡು ಹೇಳುತ್ತಿದ್ದೇನೆ. ಈ ಬ್ರ್ಯಾಕೆಟ್ಟು ಕಳಚಿದರೆ ಹಿಂದಿನ ಅಚ್ಚು ಒಂದು ಕಡೆ ಸಡಿಲಾಗಿ ಗಾಡಿ ಅಡ್ಡ ತಿರುಗುತ್ತದೆ, ಎದುರಿಗೆ ಬರುವವರಿಗೆ ನಮ್ಮ ಹವ್ಯಾಸ ಗೊತ್ತಿರುವುದಿಲ್ಲ.

ಎರಡು ಇಂಚಿನ ಹೊಸ ಪ್ಲೇಟು. ಇದನ್ನು ಮಾವ ಮೊದಲೇ ಹೇಳಿದ್ದರು, ನಾನೇ ಕಿವಿಗೆ ಹಾಕಿಕೊಂಡಿರಲಿಲ್ಲ. ಮೂವತ್ತು ವರ್ಷ ಮುರಿಯದ ಬ್ರ್ಯಾಕೆಟ್ಟು ಹೊಸ ಪ್ಲೇಟು ಬಿದ್ದ ನಾಲ್ಕೇ ತಿಂಗಳಿಗೆ ಮುರಿದಿತ್ತು. ಮುರಿದ ತುಂಡು ಮಾತ್ರ ನನ್ನ ಮೇಜಿಗೆ ಬರುತ್ತಿತ್ತು, ಜೀಪು ಬರುತ್ತಿರಲಿಲ್ಲ. ತುಂಡನ್ನು ನೋಡಿದವನಿಗೆ ತುಂಡಿನದೇ ತಪ್ಪು ಕಾಣುತ್ತದೆ.

ಇಲ್ಲಿ ಪ್ಲೇಟಿನ ಕೆಲಸವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಜೀಪಿನ ಹಿಂದಿನ ಅಚ್ಚು, ಅಂದರೆ ಹೌಸಿಂಗು, ಎರಡು ಪ್ಲೇಟ್ ಸೆಟ್ಟುಗಳಿಗೆ ಯು ಬೋಲ್ಟಿನಿಂದ ಕಟ್ಟಿಕೊಂಡಿರುತ್ತದೆ. ಪ್ಲೇಟಿನ ಮುಂದಿನ ಕಣ್ಣು ಚಾಸಿಗೆ ಒಂದೇ ಜಾಗದಲ್ಲಿ ನಿಂತಿರುತ್ತದೆ. ಹಿಂದಿನ ಕಣ್ಣು ಮಾತ್ರ ಶಾಕಲ್ ಎಂಬ ಜೋಡಿ ಪಟ್ಟಿಯಲ್ಲಿ ತೂಗುತ್ತದೆ, ಉಯ್ಯಾಲೆಯ ಹಾಗೆ. ಶಾಕಲ್ಲಿನ ಮೇಲಿನ ಬೋಲ್ಟು ಕೂರುವುದು ನಮ್ಮ ಬ್ರ್ಯಾಕೆಟ್ಟಿನಲ್ಲಿ. ಉಯ್ಯಾಲೆ ಯಾಕೆ ಬೇಕು ಅಂದರೆ, ಪ್ಲೇಟು ಬಾಗಿದ ಕಮಾನು. ಭಾರ ಬಿದ್ದು ಕಮಾನು ಚಪ್ಪಟೆಯಾದಾಗ ಅದರ ಎರಡು ಕಣ್ಣುಗಳ ನಡುವಿನ ದೂರ ಹೆಚ್ಚುತ್ತದೆ, ಭಾರ ಇಳಿದು ಕಮಾನು ಏರಿದಾಗ ಕಡಿಮೆಯಾಗುತ್ತದೆ. ಆ ಹೆಚ್ಚುಕಡಿಮೆಗೆ ಜಾಗ ಮಾಡಿಕೊಡುವುದೇ ಶಾಕಲ್ಲಿನ ಕೆಲಸ. ಕುದುರೆ ಗಾಡಿಗಳ ಕಾಲದಿಂದಲೂ ಈ ಬಾಗಿದ ಉಕ್ಕಿನ ಪಟ್ಟಿಗಳಿವೆ. ಲಂಡನ್ನಿನ ಒಬಡಾಯ ಎಲಿಯಟ್ 1804ರಲ್ಲಿ ಅಂಡಾಕಾರದ ಪ್ಲೇಟುಗಳ ಮೇಲೆ ಗಾಡಿ ಕೂರಿಸುವ ಪೇಟೆಂಟು ಪಡೆದ. ಆದರೆ ಜೀಪಿನಲ್ಲಿ ಅದೇ ಪಟ್ಟಿಗೆ ಮೂರು ಕೆಲಸ: ಭಾರ ಹೊರಬೇಕು, ಅಚ್ಚು ಹಿಂದೆ ಮುಂದೆ ಸರಿಯದಂತೆ ಹಿಡಿಯಬೇಕು, ಎಂಜಿನ್ನಿನ ತಿರುಚುವ ಬಲವನ್ನೂ ತಾಳಬೇಕು. ಹೀಗಿರುವ ಪಟ್ಟಿಯನ್ನು ಬದಲಿಸಿದರೆ ಅದಕ್ಕೆ ಅಂಟಿಕೊಂಡ ಎಲ್ಲವನ್ನೂ ಬದಲಿಸಿದ ಹಾಗೆಯೇ.

ಜೀಪು ಬಂದ ಮೊದಲ ಎರಡು ದಿನ ನಾನು ಮತ್ತು ಅಣ್ಣ ಚಾಪೆ ಹಾಸಿಕೊಂಡು ಕೆಳಗೆ ಮಲಗಿದೆವು. ನೆಲದ ಮೇಲೆ ನಾಲ್ಕು ಚಕ್ರದಲ್ಲಿ ನಿಂತ ಜೀಪು. ಶಾಕಲ್ಲು ಹೆಚ್ಚೂಕಡಿಮೆ ನೆಟ್ಟಗಿತ್ತು. ಹಿಂದಕ್ಕೆ ಮೂಟೆ ಹೇರಿ ನೋಡಿದೆವು, ಶಾಕಲ್ಲು ಹಿಂದಕ್ಕೆ ಹೋಯಿತು, ಎಲ್ಲೂ ತಾಗಲಿಲ್ಲ. ಮತ್ತೆ ಇಳಿಸಿ, ಮತ್ತೆ ಹೇರಿ ನೋಡಿದೆವು. ಭಾರ ಜಾಸ್ತಿಯಾದಾಗಲೇ ಮುರಿಯುತ್ತದೆ ಎಂದು ನಮ್ಮ ತಲೆಯಲ್ಲಿ ಕೂತುಬಿಟ್ಟಿತ್ತು.

ಮೂರನೆಯ ದಿನ ಹಿಂದಿನ ಚಕ್ರ ಬಿಚ್ಚಬೇಕಿತ್ತು. ಯಾವಾಗಲೂ ಜಾಕನ್ನು ಹೌಸಿಂಗಿಗೆ ಕೊಡುವುದು ಪದ್ಧತಿ. ಅವತ್ತು ಆ ಜಾಕು ಟಿಪ್ಪರಿನ ಕೆಳಗಿತ್ತು. ಶೆಡ್ಡಿನಲ್ಲಿ ಐಟಿಐ ಮುಗಿಸಿ ಬಂದ ರಾಯಚೂರು ಕಡೆಯ ಹುಡುಗನೊಬ್ಬನಿದ್ದ. ಅವನು ಮೇಲಿನ ಚೈನ್ ಬ್ಲಾಕಿನ ಕೊಂಡಿಯನ್ನು ಜೀಪಿನ ಹಿಂದಿನ ಚಾಸಿಗೇ ಸಿಕ್ಕಿಸಿ ಎತ್ತಿಬಿಟ್ಟ. ಗಾಡಿಯ ಹಿಂಭಾಗ ಮೇಲೆ ಹೋಯಿತು, ಚಕ್ರಗಳು ತಮ್ಮ ಭಾರಕ್ಕೆ ಕೆಳಗೆ ಜೋತುಬಿದ್ದವು. ಆಗ “ಟಕ್” ಎಂದು ಒಂದು ಸದ್ದು.

“ಸರ, ಇಲ್ಲಿ ಬಂದು ನೋಡ್ರಿ. ಗಾಲಿ ಜೋತುಬಿದ್ದೈತಿ, ಶಾಕಲ್ ಸಿಕ್ಕೊಂಡು ನಿಂತೈತ್ರಿ.”

ಮೂವರೂ ಬಗ್ಗಿದೆವು. ಶಾಕಲ್ಲಿನ ಕೆಳತುದಿ ಅಚ್ಚಿನ ಕಡೆಗೆ, ಒಳಕ್ಕೆ ಮಡಚಿಕೊಂಡಿತ್ತು. ಅದರ ಅಂಚು ಬ್ರ್ಯಾಕೆಟ್ಟಿನ ಎರಡು ಕಿವಿಗಳನ್ನು ಜೋಡಿಸುವ ಮುಂದಿನ ಅಡ್ಡಪಟ್ಟಿಗೆ ಒತ್ತಿಕೊಂಡು ನಿಂತಿತ್ತು. ಹುಡುಗ ಬಟ್ಟೆಯಲ್ಲಿ ಗ್ರೀಸು, ಮಣ್ಣು ಒರೆಸಿದ. ಕೆಳಗೆ ನಾಲ್ಕಾಣೆ ಪಾವಲಿಯಷ್ಟು ಅಗಲದ ಒಂದು ಹೊಳಪು. ಬಡಿದು ಬಡಿದು ಕನ್ನಡಿಯಾಗಿತ್ತು ಆ ಜಾಗ. ನಾನು ಓಡಿಹೋಗಿ ಮೊದಲ ಎರಡು ಬ್ರ್ಯಾಕೆಟ್ಟುಗಳನ್ನು ತಂದೆ. ಎರಡರಲ್ಲೂ ಅದೇ ಜಾಗದಲ್ಲಿ ಅದೇ ಹೊಳಪು. ಏಳು ತಿಂಗಳು ನನ್ನ ಮೇಜಿನ ಮೇಲೇ ಇತ್ತು. ಮುರಿದ ಕಡೆ ನೋಡುತ್ತಿದ್ದ ನಾನು ಅದನ್ನು ಮಗುಚಿ ನೋಡಿರಲಿಲ್ಲ.

ಅಣ್ಣ ಒಂದು ಕಬ್ಬಿಣದ ಸಲಾಕೆ ತೆಗೆದುಕೊಂಡು ಗೋಡೆಯ ಮೂಲೆಗೆ ಒತ್ತಿ ಮೀಟಿ ತೋರಿಸಿದರು. ಮುಂದೆ ಒತ್ತಿದರೆ ಹಿಂದೆ ಕೀಳುತ್ತದೆ. ಚಕ್ರ ಗುಂಡಿಗೆ ಬಿದ್ದಾಗ ಅಚ್ಚಿನ ಅಷ್ಟೂ ತೂಕ ಶಾಕಲ್ಲನ್ನು ಸಲಾಕೆ ಮಾಡಿಕೊಂಡು ಬ್ರ್ಯಾಕೆಟ್ಟಿನ ಹಿಂದಿನ ಮೂಲೆಯನ್ನು ಚಾಸಿಯಿಂದ ಮೀಟುತ್ತಿತ್ತು. ಮೂರೂ ಸಲ ಹಿಂಬದಿಯ ಮೂಲೆಯೇ ಬಿಟ್ಟದ್ದಕ್ಕೆ ಕಾರಣ ಅದು. ತೋಟದ ದಾರಿಯಲ್ಲಿ ನೀರು ಹರಿಯುವ ಕಾಲುವೆಗಳೆಲ್ಲ ಕಣಕ್ಕೆ ಹೋಗುವಾಗ ಎಡಕ್ಕೆ ಸಿಗುತ್ತವೆ, ಹಾಗಾಗಿ ಎಡ ಚಕ್ರವೇ ಹೆಚ್ಚು ಸಲ ನೇತಾಡಿತ್ತು. ಭಾರ ಬಿದ್ದಾಗ ಮುರಿಯುತ್ತಿದೆ ಎಂದು ನಾವು ಮೂಟೆ ಹೇರಿ ಹೇರಿ ನೋಡಿದ್ದೆವು. ಮುರಿದದ್ದು ಭಾರ ಇಳಿದ ಗಳಿಗೆಗಳಲ್ಲಿ.

ನಾವು ಪ್ರತಿ ಸಲ ದಪ್ಪ ಮಾಡುತ್ತಾ ಹೋದಂತೆ ಸೋಲುವ ಜಾಗ ಮಾತ್ರ ಮುಂದೆ ಹೋಯಿತು. ಮೊದಲು ಬ್ರ್ಯಾಕೆಟ್ಟು, ಆಮೇಲೆ ಬೋಲ್ಟು, ಕೊನೆಗೆ ಚಾಸಿ. ಬ್ರ್ಯಾಕೆಟ್ಟು ಸಾವಿರ ರೂಪಾಯಿಯ ಒಳಗಿನ ವಸ್ತು. ಚಾಸಿ ಹೋದರೆ ಜೀಪೇ ಹೋದ ಹಾಗೆ.

ಯಾಕೆ ಹೀಗಾಯಿತು ಎಂದು ಆ ರಾತ್ರಿ ಊಟ ಬಿಟ್ಟು ಕೂತು ಲೆಕ್ಕ ಹಾಕಿದೆ. ಬಿಲ್ಲು ಮತ್ತು ಹೆದೆಯ ಲೆಕ್ಕ ಅದು. ಬಿಲ್ಲಿನ ಮೈ ಉದ್ದ ಬದಲಾಗುವುದಿಲ್ಲ, ಹೆಚ್ಚು ಬಾಗಿಸಿದಷ್ಟೂ ಹೆದೆ ಗಿಡ್ಡವಾಗುತ್ತದೆ. ಪ್ಲೇಟಿನ ಮೈ ಮೇಲೆ ದಾರ ಹಿಡಿದು ಅಳೆದಾಗ ಕಣ್ಣಿಂದ ಕಣ್ಣಿಗೆ ಹತ್ತಿರಹತ್ತಿರ ಒಂದು ಮೀಟರು. ಲೆಕ್ಕಕ್ಕೆ 1000 ಮಿ.ಮೀ. ಎಂದು ಇಟ್ಟುಕೊಂಡೆ. ಹಳೆ ಪ್ಲೇಟು ಗಾಡಿಯ ಭಾರದಲ್ಲಿ ನಿಂತಾಗ ಕಮಾನಿನ ಎತ್ತರ ಸುಮಾರು 40 ಮಿ.ಮೀ., ಆಗ ಹೆದೆ 996. ಹೊಸ ಪ್ಲೇಟಿನ ಕಮಾನು 50 ಹೆಚ್ಚು, ಅಂದರೆ 90. ಆಗ ಹೆದೆ 978. ನಿಂತಲ್ಲೇ 18 ಮಿ.ಮೀ. ಗಿಡ್ಡ. ಬ್ರ್ಯಾಕೆಟ್ಟು ಮಾತ್ರ ಹಳೆ ಜಾಗದಲ್ಲೇ ಕೂತಿದೆ.

ನನ್ನನ್ನು ಬೆಚ್ಚಿಬೀಳಿಸಿದ್ದು ಅದರ ಮುಂದಿನ ಸಾಲು. ಚಕ್ರ 60 ಮಿ.ಮೀ. ಕೆಳಗೆ ಜೋತುಬಿದ್ದಿತು ಅನ್ನಿ. ಹಳೆ ಪ್ಲೇಟು 40ರಿಂದ 100ಕ್ಕೆ ಬಾಗಿದರೆ ಹೆದೆ 996ರಿಂದ 973ಕ್ಕೆ, ಅಂದರೆ 23 ಕಡಿಮೆಯಾಗುತ್ತದೆ. ಹೊಸ ಪ್ಲೇಟು 90ರಿಂದ 150ಕ್ಕೆ ಬಾಗಿದರೆ 978ರಿಂದ 940ಕ್ಕೆ, 38 ಕಡಿಮೆ. ಇಳಿದದ್ದು ಎರಡರಲ್ಲೂ ಅಷ್ಟೇ, ಎಳೆದುಕೊಂಡದ್ದು ಒಂದೂವರೆ ಪಟ್ಟಿಗಿಂತ ಹೆಚ್ಚು. ಕಮಾನು ಏರಿದಷ್ಟೂ ಹೆದೆಯ ಓಟ ಜೋರು. ಶಾಕಲ್ಲಿನ ಎರಡು ಬೋಲ್ಟುಗಳ ನಡುವೆ ಇರುವುದೇ 75 ಮಿ.ಮೀ. ಕಂಪನಿ ಬಿಟ್ಟಾಗ ಅದು ಹತ್ತು ಡಿಗ್ರಿ ಹಿಂದಕ್ಕೆ ವಾಲಿ ನಿಲ್ಲುತ್ತಿದ್ದದ್ದು, ಈಗ ಚಕ್ರ ಜೋತುಬಿದ್ದಾಗ 35 ಡಿಗ್ರಿ ಮುಂದಕ್ಕೆ ಮಡಚಿ ಅಡ್ಡಪಟ್ಟಿಗೆ ಬಡಿಯುತ್ತಿತ್ತು. ಕಾಗದದ ಮೇಲೆ ಗೆರೆ ಎಳೆದು ನೋಡಿದಾಗ ತಾಗುವ ಜಾಗ ಸರಿಯಾಗಿ ಆ ಹೊಳಪಿನ ಮೇಲೇ ಬಂತು. ರಾತ್ರಿ ಹನ್ನೊಂದೂವರೆಗೆ ಅಣ್ಣನಿಗೆ ಫೋನ್ ಮಾಡಿದೆ. ಅವರು ನಿದ್ದೆಗಣ್ಣಲ್ಲಿ ಕೇಳಿಸಿಕೊಂಡು, “ಅಂಗಾದ್ರೆ ದಪ್ಪ ಮಾಡೋದಲ್ಲ ಸಾರ್, ಜರುಗ್ಸೋದು,” ಅಂದರು.

ಹದಿನೆಂಟು ಮಿ.ಮೀ. ಮುಂದಕ್ಕೆ ಜರುಗಿಸುವುದು. ಅಷ್ಟೇ ಉತ್ತರ.

ಮಾಡುವ ಕೆಲಸ ಮಾತ್ರ ಅಷ್ಟೇ ಆಗಿರಲಿಲ್ಲ. ಚಾಸಿಯಲ್ಲಿ ಹೊಸ ತೂತು ಕೊರೆಯಬಾರದು ಎಂದು ನಾನು ಹಟ ಹಿಡಿದೆ. ಕಂಪನಿ ಬ್ರ್ಯಾಕೆಟ್ಟು ಕೂತಿದ್ದದ್ದು ರಿವೆಟ್ಟಿನಲ್ಲಿ. ಜೀಪಿನ ವಂಶದಲ್ಲಿ ಇದು ಮೊದಲಿನಿಂದ ಬಂದದ್ದು. 1940ರ ಬೇಸಿಗೆಯಲ್ಲಿ ಅಮೆರಿಕದ ಸೈನ್ಯ ಕೇಳಿದಾಗ ಕಾರ್ಲ್ ಪ್ರೋಬ್ಸ್ಟ್ ಎರಡು ದಿನದಲ್ಲಿ ನಕ್ಷೆ ಮುಗಿಸಿ, ಬ್ಯಾಂಟಮ್ ಕಂಪನಿ 49 ದಿನದೊಳಗೆ ಮೊದಲ ಗಾಡಿ ನಿಲ್ಲಿಸಿತು. ವಿಲ್ಲಿಸ್ ಕಂಪನಿಯ ಬಾರ್ನಿ ರೂಸ್ 2160 ಪೌಂಡಿನ ಮಿತಿಯೊಳಗೆ ತೂಕ ತರಲು ಬೋಲ್ಟುಗಳ ಹೆಚ್ಚುವರಿ ತುದಿಗಳನ್ನೂ ಕತ್ತರಿಸಿದ, ಬಣ್ಣದ ತೂಕವನ್ನೂ ಲೆಕ್ಕ ಹಿಡಿದ. ಅದೇ ವಿಲ್ಲಿಸ್ ಜೀಪುಗಳನ್ನು ಸ್ವಾತಂತ್ರ್ಯದ ಆಸುಪಾಸಿನಲ್ಲಿ ಮಹೀಂದ್ರದವರು ಮುಂಬಯಿಗೆ ತಂದು ಜೋಡಿಸತೊಡಗಿದರು. ಗ್ರಾಂ ಗ್ರಾಂ ಲೆಕ್ಕ ಹಾಕಿದ ಆ ಜನ ಬ್ರ್ಯಾಕೆಟ್ಟಿಗೆ ಬೆಸುಗೆ ಬಿಟ್ಟು ರಿವೆಟ್ಟು ಹಿಡಿದದ್ದು ಸುಮ್ಮನೆ ಅಲ್ಲ. ಚಾಸಿ ತಿರುಚಿಕೊಳ್ಳಬೇಕು, ರಿವೆಟ್ಟು ಅದಕ್ಕೆ ಕೂದಲಷ್ಟು ಎಡೆ ಕೊಡುತ್ತದೆ. ಬೆಸುಗೆಯ ಪಕ್ಕದ ಲೋಹ ಕಾದು ಗುಣ ಬದಲಿಸಿಕೊಳ್ಳುತ್ತದೆ, ಬೆಸುಗೆ ಮುಗಿಯುವ ತುದಿಯಲ್ಲೇ ಬಿರುಕು ಹುಟ್ಟುತ್ತದೆ. ಚಾಸಿಯ ಕೆಳ ಅಂಚಿಗೆ ಅಡ್ಡಡ್ಡ ಬೆಸುಗೆ ಬೇಡವೆಂದು ಲಾರಿ ಕಂಪನಿಗಳ ಕೈಪಿಡಿಗಳು ಇಂದಿಗೂ ಹೇಳುತ್ತವೆ. ನಮ್ಮ ಮೂರನೆಯ ಬ್ರ್ಯಾಕೆಟ್ಟಿನ ಬೆಸುಗೆ ಸರಿಯಾಗಿ ಅಡ್ಡಡ್ಡವೇ ಇತ್ತು.

ಹಳೆ ವಿಲ್ಲಿಸ್‌ಗಳ ಶಾಕಲ್ಲನ್ನು ಕೈಯಲ್ಲಿ ಹಿಡಿದವರಿಗೆ ಆ ಕಾಲದವರ ಕಾಳಜಿ ಗೊತ್ತಾಗುತ್ತದೆ. ಯು ಆಕಾರದ ಒಂದೇ ತುಂಡು, ತುದಿಗಳಲ್ಲಿ ಮರೆ (ತಿರುಪಿನ ಸುತ್ತು), ಅದರ ಮೇಲೆ ತಿರುಗುವ ಬುಶ್ಶು. ಬಲ ಮರೆಯದು ಬೇರೆ, ಎಡ ಮರೆಯದು ಬೇರೆ. ಕತ್ತಲಲ್ಲೂ ಬೆರಳಿಗೆ ಸಿಗಲಿ ಎಂದೋ ಏನೋ, ಎಡ ಮರೆಯ ಬುಶ್ಶಿನ ತಲೆಗೆ ಒಂದು ತೋಡು ಕೊರೆದಿರುತ್ತಿತ್ತು.

ಮೊದಲು ಚಾಸಿಗೆ ಚಿಕಿತ್ಸೆ. ಬೆಸುಗೆಯನ್ನು ಗ್ರೈಂಡರಿನಲ್ಲಿ ತೆಗೆದು, ಬಿರುಕಿನ ಎರಡು ತುದಿ ಹುಡುಕಿ, ಅಲ್ಲಿ ಒಂದೊಂದು ಚಿಕ್ಕ ತೂತು ಕೊರೆದೆವು. ದುಂಡು ತೂತು ಸಿಕ್ಕರೆ ಬಿರುಕು ಮುಂದೆ ಹೋಗಲು ಚೂಪು ತುದಿ ಇರುವುದಿಲ್ಲ. ಬಿರುಕನ್ನು ವಿ ಆಕಾರಕ್ಕೆ ತೆರೆದು, 7018 ರಾಡನ್ನು ಒಲೆಯಲ್ಲಿ ಒಣಗಿಸಿ, ಬಿಸಿ ಇರುವಾಗಲೇ ಅಣ್ಣ ತುಂಬಿದರು. ತೇವ ಹೀರಿದ ರಾಡು ಬೆಸುಗೆಯೊಳಗೆ ಜಲಜನಕ ಬಿಡುತ್ತದೆ, ಅದು ಆಮೇಲೆ ಬಿರುಕಾಗುತ್ತದೆ. ಉಬ್ಬು ಅರೆದು ಸಮ ಮಾಡಿ, ಒಳಗಡೆಗೆ ಎರಡೂ ತುದಿ ಮೊನಚಾದ ಮೀನಿನಾಕಾರದ ಪಟ್ಟಿ ಕೂರಿಸಿ, ಉದ್ದುದ್ದಕ್ಕೆ ಮಾತ್ರ ಬೆಸುಗೆ ಎಳೆದರು. ಆ ಒಂದು ಸಂಜೆ ಅವರು ಯಾರೊಡನೆಯೂ ಮಾತಾಡಲಿಲ್ಲ.

ಬ್ರ್ಯಾಕೆಟ್ಟಿನ ನಮೂನೆಗೆ ರಟ್ಟು ಬೇಕಿತ್ತು. ಹುಡುಗ ಶೆಡ್ಡಿನ ಗೂಡಿನಿಂದ ಒಂದು ಲಗ್ನಪತ್ರಿಕೆ ತಂದ. ಗಟ್ಟಿ ರಟ್ಟು, ಮೇಲೆ ಗಣಪತಿ. ಅಣ್ಣ ಗಣಪತಿಯ ಭಾಗವನ್ನು ಮಡಚಿ ಪಕ್ಕಕ್ಕಿಟ್ಟು, ಉಳಿದದ್ದರಲ್ಲಿ ಕಿವಿಯ ಆಕಾರ ಕತ್ತರಿಸಿದರು. ಚಾಸಿಯ ಹಳೆ ರಿವೆಟ್ ತೂತುಗಳನ್ನು ರಟ್ಟಿಗೆ ಒತ್ತಿ ಗುರುತು ಪಡೆದೆವು. ಶಾಕಲ್ಲಿನ ತೂತು ಮಾತ್ರ ಹಳೆ ಜಾಗಕ್ಕಿಂತ 18 ಮಿ.ಮೀ. ಮುಂದೆ. ಅಂದರೆ ಕಾಲು ಅಲ್ಲೇ ಊರಿ ಮೈ ಮಾತ್ರ ಮುಂದಕ್ಕೆ ಬಾಗಿದ ಬ್ರ್ಯಾಕೆಟ್ಟು. ಬಡಿಸಿಕೊಳ್ಳುತ್ತಿದ್ದ ಅಡ್ಡಪಟ್ಟಿಯನ್ನು ಅರ್ಧಚಂದ್ರದಂತೆ ಕಡಿದೆವು. ಅದೇ ರಟ್ಟನ್ನು ಪ್ಲೈವುಡ್ಡಿನ ಮೇಲಿಟ್ಟು ಕತ್ತರಿಸಿ, ಮರದ ಬ್ರ್ಯಾಕೆಟ್ಟು ಸಿಕ್ಕಿಸಿ, ಚೈನ್ ಬ್ಲಾಕಿನಲ್ಲಿ ಹತ್ತು ಸಲ ಮೇಲೆ ಕೆಳಗೆ ಆಡಿಸಿದೆವು. ಜೋತುಬಿದ್ದಾಗ 20 ಡಿಗ್ರಿ. ಸುತ್ತಲೂ ಬೆರಳು ಹೋಗುವಷ್ಟು ಎಡೆ.

ಉಕ್ಕು ಮತ್ತೆ 6 ಮಿ.ಮೀ.ಗೆ ಇಳಿಯಿತು, ಸಾಧಾರಣ ಐಎಸ್ 2062 ಪ್ಲೇಟೇ. 10ರಿಂದ 6ಕ್ಕೆ ಇಳಿಸುತ್ತೇನೆ ಎಂದಾಗ ಮಾವ ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಾದರು. ಲೇಸರಿನಲ್ಲಿ ಕತ್ತರಿಸಿದೆವು, ತೂತುಗಳನ್ನು ಮಾತ್ರ ಲೇಸರಿಗೆ ಬಿಡಲಿಲ್ಲ. ಚಿಕ್ಕದಾಗಿ ಕೊರೆದು ರೀಮರ್ ಹಾಕಿ ಬೋಲ್ಟಿಗೆ ಬಿಗಿಯಾಗಿ ಕೂರುವಂತೆ ಮಾಡಿದೆವು. ಬೋಲ್ಟು ಆಡುವ ತೂತೇ ಆಮೇಲೆ ಮೊಟ್ಟೆಯಾಕಾರವಾಗುವುದು. ಎರಡು ಕಿವಿಗಳೂ ಒಂದೇ ಸಾಲಿಗೆ ಬರಲಿ ಎಂದು ಟೂಲ್ ರೂಮಿನಲ್ಲಿ ಒಂದು ಜಿಗ್ ಮಾಡಿ, ತೂತುಗಳೊಳಗೆ ಒಂದೇ ಸರಳು ತೂರಿಸಿಟ್ಟೇ ಬೆಸುಗೆ ಹಾಕಿಸಿದೆ. ಬೆಸುಗೆಯೆಲ್ಲ ಮೇಜಿನ ಮೇಲೆ, ಚಾಸಿಯ ಮೇಲೆ ಒಂದು ಚುಕ್ಕೆಯೂ ಇಲ್ಲ. ಚಾಸಿಯ ಪೆಟ್ಟಿಗೆ ಭಾಗದೊಳಗೆ ಬೋಲ್ಟು ಬಿಗಿದಾಗ ತಗಡು ಒಳಕ್ಕೆ ಕುಸಿಯದಂತೆ ದಪ್ಪ ಪೈಪಿನ ತುಂಡುಗಳನ್ನು ಒಳಗಿಟ್ಟೆವು. ಬೋಲ್ಟು 10.9 ದರ್ಜೆಯದು. ಬುಶ್ಶಿಗೆ ಗಟ್ಟಿ ನೈಲಾನು ಹಾಕಿಸಿ ಎಂದು ಅಂಗಡಿಯವರು ಹೇಳಿದರೂ ರಬ್ಬರನ್ನೇ ಹಾಕಿದೆ. ಕಾಲುವೆ ದಾಟುವಾಗ ಅಚ್ಚು ಅಡ್ಡಡ್ಡ ತಿರುಚಿಕೊಳ್ಳುತ್ತದೆ, ಬುಶ್ಶು ಬಗ್ಗದಿದ್ದರೆ ಆ ತಿರುಚು ಮತ್ತೆ ಬ್ರ್ಯಾಕೆಟ್ಟಿಗೇ ಬರುತ್ತದೆ.

ಇನ್ನೊಂದು ಸಣ್ಣ ವಿಷಯ ಉಳಿದಿತ್ತು. ಹೆದೆ 18 ಗಿಡ್ಡವಾದಾಗ ನಡುವಿನ ಅಚ್ಚು ಅದರ ಅರ್ಧ, 9 ಮಿ.ಮೀ. ಮುಂದೆ ಬಂದಿರುತ್ತದೆ. ಪ್ರೊಪೆಲರ್ ಶಾಫ್ಟಿನ ಜಾರುವ ತುದಿ ಅಷ್ಟು ಒಳಗೆ ಹೋಗಿತ್ತು. ಗಾಡಿಗೆ ಪೂರ್ತಿ ಹೇರಿ ಅಳೆದೆವು, ಇನ್ನೂ ಸಾಕಷ್ಟು ಜಾಗ ಇತ್ತು. ಅಚ್ಚಿನ ಮೂತಿಯ ಓರೆ ಸರಿಪಡಿಸಲು ಪ್ಲೇಟಿನ ಕೆಳಗೆ ಒಂದು ತೆಳು ಬೆಣೆ ಸಾಕಾಯಿತು.

ಪರೀಕ್ಷೆಗೆ ಹುಡುಗನೇ ಉಪಾಯ ಹೇಳಿದ. ಹತ್ತಿರದ ಬತ್ತಿದ ಕೆರೆಯಿಂದ ಜೇಡಿಮಣ್ಣು ತಂದು, ನಾದಿ, ಶಾಕಲ್ಲಿಗೂ ಬ್ರ್ಯಾಕೆಟ್ಟಿಗೂ ನಡುವೆ ಬೆರಳಿನ ಗಾತ್ರದ ಉಂಡೆ ಮೆತ್ತಿದ. ತಾಗಿದರೆ ಮಣ್ಣಿನಲ್ಲಿ ಅಚ್ಚು ಬೀಳಬೇಕು. ಶೆಡ್ಡಿನ ಹಿಂದಿನ ಖಾಲಿ ಜಾಗದಲ್ಲಿ ಜೆಸಿಬಿಯವರಿಂದ ಮೂರು ಗುಂಡಿ ತೋಡಿಸಿ, ಎಡ ಚಕ್ರ ಬೀಳುವಂತೆ ಸಂಜೆಯವರೆಗೆ ಓಡಿಸಿದೆವು. ಆಮೇಲೆ ಟಾರ್ಚು ಹಿಡಿದು ಮಲಗಿ ನೋಡಿದೆವು. ಉಂಡೆ ಒಣಗಿ ಬಿರುಕು ಬಿಟ್ಟಿತ್ತು, ಹುಡುಗನ ಹೆಬ್ಬೆರಳಿನ ಗುರುತು ಅದರ ಮೇಲೆ ಹಾಗೇ ಇತ್ತು. ಬೇರೆ ಯಾವ ಗುರುತೂ ಇರಲಿಲ್ಲ.

ಬಲಗಡೆಯದನ್ನೂ ಬದಲಿಸಬೇಕಿತ್ತು. ಅಲ್ಲಿದ್ದದ್ದು ಇನ್ನೂ 1989ರ ಕಂಪನಿ ಬ್ರ್ಯಾಕೆಟ್ಟು, ನೋಡಲು ಗಟ್ಟಿಮುಟ್ಟು. ಅದೂ ನಾಲ್ಕು ದಿನ ತಡೆಯಲಿ, ಆಮೇಲೆ ನೋಡೋಣ ಎಂದರು ಮಾವ. ನಾನು ರಿವೆಟ್ಟು ಅರೆದು ಬಿಚ್ಚಿ ಟೂಲ್ ರೂಮಿಗೆ ತಂದೆ. ತೊಳೆದು, ಕೆಂಪು ಬಣ್ಣದ ಪೆನೆಟ್ರೆಂಟ್ ಬಳಿದು, ಕಾಲು ಗಂಟೆ ಬಿಟ್ಟು ಒರೆಸಿ, ಮೇಲೆ ಬಿಳಿ ಪುಡಿ ಸಿಂಪಡಿಸಿದೆ. ಒಂದು ನಿಮಿಷ ಏನೂ ಕಾಣಲಿಲ್ಲ. ಆಮೇಲೆ ಹಿಂಬದಿಯ ಮೂಲೆಯಲ್ಲಿ, ಬಿಳುಪಿನೊಳಗಿಂದ, ಕೂದಲಿನಷ್ಟು ತೆಳ್ಳಗಿನ ಕೆಂಪು ಗೆರೆ ನಿಧಾನವಾಗಿ ಮೂಡಿತು. ಫೋಟೋ ತೆಗೆದು ಮಾವನಿಗೆ ಕಳಿಸಿದೆ. ಶೆಡ್ಡಿಗೆ ಹೋಗಿ ಹೇಳಿದಾಗ ಅಣ್ಣ ಏನೂ ಅನ್ನಲಿಲ್ಲ. ಗೂಡಿನಿಂದ ಲಗ್ನಪತ್ರಿಕೆಯ ರಟ್ಟನ್ನು ತೆಗೆದು, ಬಲಗಡೆಗೆ ಬರುವಂತೆ ಮಗುಚಿ ಪ್ಲೇಟಿನ ಮೇಲಿಟ್ಟರು.